ಓಸ್ನೆ ಕೂಗದೇ ಹಾಕಿದ ಹೆಪ್ಪು

ನಮ್ಮ ಗುಡ್ಡದಲ್ಲಿ ಬಿಯರ್ ಮಾಡುವುದು ಗಂಡಸರ ಕೆಲಸ. ಅಂದರೆ ಬಾರ್ಲಿ ನೆನೆಸುವುದು, ಸೌದೆ ಹೊರುವುದು, ಜುನಿಪರ್ ಸೊಪ್ಪು ಕಡಿದು ತರುವುದು, ತೊಟ್ಟಿ ತಿಕ್ಕುವುದು, ಎಲ್ಲ ಮುಗಿದ ಮೇಲೆ ಅದೇ ತೊಟ್ಟಿಯನ್ನು ಇನ್ನೊಮ್ಮೆ ತಿಕ್ಕುವುದು ಹೆಂಗಸರದು. ಕೊಪ್ಪರಿಗೆಯ ಮುಂದೆ ಕೂತು ಸೌಟು ನೆಕ್ಕಿ ಗಂಭೀರವಾಗಿ ತಲೆಯಾಡಿಸುವುದು ಗಂಡಸರದು. ನನ್ನ ಗಂಡ ಹಾಲ್ದೋರ ಹಾಗೆ ತಲೆಯಾಡಿಸುವುದರಲ್ಲಿ ಸುತ್ತಮುತ್ತ ಹೆಸರು ಮಾಡಿದವನು. ಹಾಗಾಗಿ ನಮ್ಮ ಕೆಳಗಿನ ಮನೆಯ ಓಸ್ನೆ ಒಂದು ದಿನ ಬಾಗಿಲಲ್ಲಿ ನಿಂತು "ನಂಗೆ ಬಿಯರ್ ಮಾಡೋದು ಹೇಳ್ಕೊಡಿ ಹಾಲ್ದೋರಣ್ಣ" ಎಂದಾಗ ಅವನ ಬಾಯಲ್ಲಿದ್ದ ಪೈಪು ಹಾಗೇ ಆರಿಹೋಯಿತು.

ಓಸ್ನೆ ಸರೋವರದ ಆಚೆ ದಡದವಳು. ಮದುವೆಯಾಗಿ ಟಾರ್ಯೆಯ ಮನೆಗೆ ಬಂದಾಗ ನಾವು ಹೆಂಗಸರೆಲ್ಲ ಅವಳಿಗೆ ಮಾತೇ ಬರುವುದಿಲ್ಲವೇನೋ ಎಂದುಕೊಂಡಿದ್ದೆವು. ಇಲ್ಲಿ ಎಲ್ಲರೂ ಇಳಿಜಾರಿನಿಂದ ಇಳಿಜಾರಿಗೆ ಕೂಗಿಯೇ ಮಾತಾಡುವುದು. ಹಸು ಈದರೂ ಕೂಗು, ಅತ್ತೆ ಸತ್ತರೂ ಕೂಗು. ಇವಳೋ, ಒಂದು ಹಿಡಿ ಉಪ್ಪು ಬೇಕಿದ್ದರೂ ದಾರಿ ಹತ್ತಿ ಬಂದು, ಬಾಗಿಲಲ್ಲಿ ನಿಂತು, ನಾವು ನೋಡುವವರೆಗೆ ಕಾಯುವವಳು. ಟಾರ್ಯೆ ಅದಕ್ಕೆ ತದ್ವಿರುದ್ಧ. ಅವನು ನಕ್ಕರೆ ನಮ್ಮ ಅಡುಗೆಮನೆಯ ಬಟ್ಟಲು ಅದುರುತ್ತಿತ್ತು. "ಅಕ್ಕಾ, ನಮ್ಮನೇಲಿ ಇಬ್ಬರಿಗೂ ಸೇರಿ ಒಂದೇ ಗಂಟಲು, ಅದು ನನ್ನ ಹತ್ರ ಇದೆ" ಎಂದು ನನ್ನನ್ನು ನಗಿಸುತ್ತಿದ್ದ. ಮಕ್ಕಳಿರಲಿಲ್ಲ. ಇಬ್ಬರೂ ಅದರ ಬಗ್ಗೆ ಕೊರಗಿದ್ದನ್ನು ನಾನು ಕಾಣೆ.

ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಚಳಿಗಾಲದ ಕೊನೆ, ಸರೋವರದ ಮೇಲೆ ಗಟ್ಟಿಕಟ್ಟಿದ್ದ ಹಿಮ ತೆಳುವಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಓಸ್ನೆಯ ತವರಿನಿಂದ ಬಿತ್ತನೆ ಬಾರ್ಲಿ ತರುತ್ತೇನೆಂದು ಟಾರ್ಯೆ ಜಾರುಬಂಡಿ ಎಳೆದುಕೊಂಡು ಹೊರಟ. ರಸ್ತೆ ಹಿಡಿದು ಸುತ್ತಿಕೊಂಡು ಹೋಗು ಎಂದು ಓಸ್ನೆ ಹೇಳಿದಳು, ಹಾಲ್ದೋರ ಹೇಳಿದ, ದಾರಿಯಲ್ಲಿ ಸಿಕ್ಕವರೆಲ್ಲ ಹೇಳಿದರು. ಅವನು ನಕ್ಕು, ಸರೋವರದ ಮೇಲೇ ಅಡ್ಡ ಹಾಯ್ದು ಹೊರಟ. ಮಧ್ಯಾಹ್ನದ ಹೊತ್ತಿಗೆ ಹಿಮದ ನಡುವೆ ಒಂದು ಕಪ್ಪು ತೂತು, ಪಕ್ಕದಲ್ಲಿ ಅವನ ಟೋಪಿ, ಅಷ್ಟೇ ಉಳಿದಿತ್ತು. ಹಿಮ ಕರಗಿದ ಮೇಲೆ ದೋಣಿಗಳಲ್ಲಿ ಕೊಕ್ಕೆ ಹಾಕಿ ಹುಡುಕಿದರು. ನಮ್ಮ ಸರೋವರ ಆಳ. ಏನೂ ಸಿಗಲಿಲ್ಲ. ಪಾದ್ರಿ ಬರಿಯ ಗಾಳಿಗೆ ಪ್ರಾರ್ಥನೆ ಹೇಳಿದರು. ಹೂವಿಡುವುದಕ್ಕೆ ಓಸ್ನೆಗೆ ಒಂದು ಸಮಾಧಿಯೂ ಇಲ್ಲದಂತಾಯಿತು.

ಅವಳು ಅಳಲಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ಬೇಸಿಗೆಯಲ್ಲಿ ಒಮ್ಮೆ ಗಂಜಿ ಬೇಯಿಸಿಕೊಂಡು ಹೋದಾಗ ಮೇಜಿನ ಮೇಲೆ ಎರಡು ಬಟ್ಟಲು ಇಟ್ಟಿದ್ದಳು. ಒಂದು ನನಗೇ ಇರಬೇಕೆಂದು ಕೂರಲು ಹೋದೆ. "ಅಲ್ಲಿ ಬೇಡ ಅಕ್ಕಾ, ಅದು ಒದ್ದೆ" ಎಂದಳು. ಬೆಂಚನ್ನು ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಬಿಯರ್ ಕಾಯಿಸುವ ಹೊರಮನೆಯ ಹೊಸ್ತಿಲ ಮೇಲೂ ಒಂದು ಒದ್ದೆ ಗುರುತು ಇರುತ್ತಿತ್ತು. ಮಳೆಯಿಲ್ಲದ ದಿನವೂ ಇರುತ್ತಿತ್ತು. ಆ ಛಾವಣಿ ಸೋರುವುದಿಲ್ಲ. ಟಾರ್ಯೆ ಸಾಯುವ ಹಿಂದಿನ ವರ್ಷವಷ್ಟೇ ಹೊಸ ಕಲ್ಲು ಹಾಸಿದ್ದ. ನಾನು ಏನನ್ನೂ ಸಾಧಿಸಲು ಹೊರಟಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಹಾಲ್ದೋರನಿಗೆ ಹೇಳಿದರೆ "ನಿನ್ನ ಕಣ್ಣಿಗೆ ಕನ್ನಡಕ ಹಾಕಿಸ್ಬೇಕು" ಎಂದ. ಮರುದಿನ ತಾನೇ ಹೋಗಿ ನೋಡಿ ಬಂದ. ಆಮೇಲೆ ಕನ್ನಡಕದ ಮಾತೆತ್ತಲಿಲ್ಲ.

ಅವಳು ಸವೆಯುತ್ತಾ ಬಂದಳು. ಸಂಜೆ ಹಸು ಕರೆದಾದ ಮೇಲೆ ಸರೋವರದ ಅಂಚಿಗೆ ಇಳಿದು ಹೋಗುವಳು. ನೀರು ಬೂಟಿಗೆ ತಾಗುವಷ್ಟು ಹತ್ತಿರ ನಿಂತಿರುವಳು. ನಾನು ಕಿಟಕಿಯಿಂದ ನೋಡುತ್ತಾ ಒಲೆಯ ಮೇಲಿಟ್ಟದ್ದನ್ನು ಎಷ್ಟು ಸಲ ಸೀಯಿಸಿದೆನೋ. ಇವಳೂ ಹೊರಟುಬಿಡುತ್ತಾಳೆ ಎಂದು ನನಗೆ ಖಚಿತವಾಗಿತ್ತು. ಒಂದೊಂದು ಸಂಜೆಯೂ ಅವಳು ತಿರುಗಿ ಬರುವವರೆಗೆ ನಾನು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಇಂಥವಳು ಮರದ ಎಲೆಯೆಲ್ಲ ಉದುರಿದ ಮೇಲೆ ನಮ್ಮ ಬಾಗಿಲಿಗೆ ಬಂದು ಬಿಯರ್ ಮಾಡಬೇಕು ಎಂದಳು.

"ನಿಂಗ್ಯಾಕಮ್ಮ ಈ ಉಸಾಬರಿ?" ಎಂದ ಹಾಲ್ದೋರ. "ಕ್ರಿಸ್ಮಸ್ಸಿಗೆ ತಾನೇ? ನಿನ್ನ ಮಾಲ್ಫ್ರಿ ಅಕ್ಕನ ಕೈಲೇ ಎರಡು ಕೊಡ ಕಳಿಸ್ತೀನಿ. ಬಿಯರ್ ಮಾಡದವರಿಗೆ ರಾಜರು ದಂಡ ಹಾಕ್ತಿದ್ದ ಕಾಲ ಹೋಯ್ತು."

"ನಿಮ್ಮನೇದು ನಿಮ್ಮನೇ ರುಚಿ. ಅವನಿಗೆ ಅವನ ಮನೇದೇ ಆಗ್ಬೇಕು."

"ಯಾರಿಗೆ?" ಎಂದೆ ನಾನು. ಕೇಳಬಾರದಿತ್ತು.

"ಇನ್ಯಾರಿಗೆ ಅಕ್ಕಾ? ಕ್ರಿಸ್ಮಸ್ ರಾತ್ರಿ ಎಲ್ಲರೂ ಬರ್ತಾರೆ. ಅವನೂ ಬರ್ತಾನೆ. ಮನೇಲಿ ಕುಡಿಯೋಕೆ ಏನೂ ಇಲ್ದಿದ್ರೆ ತಪ್ಪು ಮನೆ ಅಂದ್ಕೊಂಡು ಹೋಗ್ಬಿಡ್ತಾನೆ."

ಕ್ರಿಸ್ಮಸ್ ರಾತ್ರಿ ಮನೆಯವರೆಲ್ಲ ನೆಲಕ್ಕೆ ಹುಲ್ಲು ಹಾಸಿ ಮಲಗಿ, ಹಾಸಿಗೆಗಳನ್ನು ಸತ್ತವರಿಗೆ ಬಿಟ್ಟುಕೊಡುವುದು, ಮೇಜಿನ ಮೇಲೆ ಬಿಯರಿನ ಬಟ್ಟಲು ತುಂಬಿಸಿ ಇಡುವುದು ನನ್ನ ಅತ್ತೆಯ ಕಾಲದವರೆಗೂ ಇತ್ತು. ಈಗ ಯಾರೂ ಹುಲ್ಲಿನ ಮೇಲೆ ಮಲಗುವುದಿಲ್ಲ. ಆದರೆ ಆ ರಾತ್ರಿ ಮೇಜಿನ ಮೇಲಿನ ಊಟ ತೆಗೆದಿಡುವವರನ್ನೂ ನಾನು ಈ ಗುಡ್ಡದಲ್ಲಿ ಕಂಡಿಲ್ಲ. ಕೇಳಿದರೆ "ಸುಸ್ತಾಗಿತ್ತು, ಬೆಳಗ್ಗೆ ತೆಗೆದರಾಯ್ತು ಅಂತ ಬಿಟ್ವಿ" ಅನ್ನುತ್ತಾರೆ. ವರ್ಷಾ ವರ್ಷಾ ಅದೇ ದಿನ ಎಲ್ಲರಿಗೂ ಸುಸ್ತಾಗುತ್ತದೆ.

ಹಾಲ್ದೋರ ಒಪ್ಪಿದ. ಹೆಣ್ಣಿಗೆ ಕಲಿಸುವುದೇ ಎಂದು ಗೊಣಗಿದನಾದರೂ, ಮರುದಿನ ನನಗಿಂತ ಮೊದಲೇ ಎದ್ದು ಕೆಳಗಿಳಿದ. ಓಸ್ನೆ ಬಾರ್ಲಿಯನ್ನು ಗೋಣಿಯಲ್ಲಿ ಕಟ್ಟಿ ತೊರೆಯಲ್ಲಿ ನೆನೆಹಾಕಿದಳು. ಅಟ್ಟದಲ್ಲಿ ಹರಡಿ ಮೊಳಕೆ ಬರಿಸಿದಳು, ಕೈಯಿಂದ ಮಗುಚಿ ಮಗುಚಿ ಗಂಟಾಗದಂತೆ ಕಾದಳು. ಹೊಗೆಯ ಬಿಸಿಗೆ ಒಣಗಿಸುವಾಗ ಹಾಲ್ದೋರ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಜಗಿದ.

"ಇನ್ನೂ ಹಸಿ. ಹಲ್ಲಲ್ಲಿ ಟಕ್ ಅನ್ಬೇಕು. ನೀನೂ ಜಗಿ. ಬರೀ ನೋಡಿ ಗೊತ್ತಾಗೋಕೆ ಇದೇನು ಹುಡುಗನ ಮುಖಾನಾ?"

ಅವಳು ಜಗಿದಳು. ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಎಷ್ಟೋ ತಿಂಗಳಿಗೆ ನಾನು ಕಂಡ ಮೊದಲ ನಗು ಅದು. ಕೆಲಸ ಸಾಗಿದಷ್ಟೂ ಅವಳು ಗಟ್ಟಿಯಾದಳು. ಉಂಡಳು, ಸರೋವರದ ಕಡೆ ಹೋಗುವುದನ್ನು ಮರೆತಳು. ಬಿಯರ್ ಚೆನ್ನಾಗಿ ಆದರೆ ಬದುಕಿಕೊಳ್ಳುತ್ತಾಳೆ ಎಂದು ನಾನು ಹಿಗ್ಗಿದೆ. ಯಾರು ಬರಲೆಂದು ಅವಳು ಅದನ್ನು ಮಾಡುತ್ತಿದ್ದಾಳೆ ಎಂಬುದನ್ನು ಬೇಕೆಂದೇ ಮರೆತೆ.

ಕಾಯಿಸುವ ದಿನ ಜುನಿಪರ್ ಸೊಪ್ಪಿನ ನೀರು ಕುದಿಸಿದಳು. ತೊಟ್ಟಿಯ ತಳಕ್ಕೆ ಕಡ್ಡಿ ಜೋಡಿಸಿ, ಮೇಲೆ ಸೊಪ್ಪು ಹಾಸಿ, ನುಚ್ಚು ಮಾಡಿದ ಮೊಳಕೆ ಬಾರ್ಲಿ ಸುರಿದು, ಬಿಸಿನೀರು ಹೊಯ್ದು ಸೋಸಿದಳು. ಕಂದು ಬಣ್ಣದ ಸಿಹಿ ರಸ ಸಣ್ಣ ಧಾರೆಯಾಗಿ ಇಳಿಯಿತು. ಇನ್ನು ಉಳಿದದ್ದು ರಸ ಹುದುಗಲೆಂದು ಹೆಪ್ಪು ಹಾಕುವುದು. ಆ ಕೆಲಸದಲ್ಲಿ ಮನೆಯವರನ್ನು ಬಿಟ್ಟು ಬೇರೆ ಯಾರೂ ಇರಬಾರದು. ಹಾಲ್ದೋರ ಹೊರಡುವಾಗ ಹೇಳಿದ: "ಕರೆದ ಹಾಲಿನಷ್ಟು ಬಿಸಿ ಇದ್ದಾಗ ಹಾಕು. ಹಾಕ್ತಾ ಇದ್ದ ಹಾಗೇ ಕೂಗು. ಜೋರಾಗಿ. ಗೊತ್ತಲ್ಲ?"

ಗೊತ್ತಿಲ್ಲದೇ ಏನು. ಆ ಗಳಿಗೆಯಲ್ಲಿ ಸಿಹಿ ವಾಸನೆಗೆ ಕಣ್ಣಿಗೆ ಕಾಣದವರೆಲ್ಲ ಬಂದು ತೊಟ್ಟಿಯ ಸುತ್ತ ನಿಂತಿರುತ್ತಾರೆ. ಅವರನ್ನು ಬೆದರಿಸಿ ಓಡಿಸದಿದ್ದರೆ ಹೆಪ್ಪಿನ ಜೀವ ಹೀರಿಕೊಂಡು ಹೋಗುತ್ತಾರೆ. ಅದಕ್ಕೇ ಕೂಗುವುದು. ಕೂಗು ಜೋರಾದಷ್ಟೂ ಬಿಯರ್ ಜೋರು. ನನ್ನ ಗಂಡ ಇದನ್ನು ಹೇಳಿ ನಗುತ್ತಿದ್ದ, ಆದರೆ ಕೂಗದೇ ಬಿಟ್ಟ ವರ್ಷವಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ಒಂದೊಂದು ಮನೆಯಿಂದಲೂ ಆ ಕೂಗು ಬರುತ್ತಿತ್ತು. ಟಾರ್ಯೆಯದು ಆಚೆ ದಡಕ್ಕೂ ಕೇಳಿಸುತ್ತಿತ್ತಂತೆ.

ಅವತ್ತು ನಾವು ಅಂಗಳದಲ್ಲಿ ನಿಂತು ಕಾದೆವು. ಕತ್ತಲಾಯಿತು, ಕೂಗು ಬರಲಿಲ್ಲ. "ಅವಳ ಗಂಟಲು ನಿಂಗೊತ್ತಲ್ಲ, ಸಣ್ಣಗೆ ಕೂಗಿರ್ತಾಳೆ" ಎಂದು ನಾನೇ ಸಮಾಧಾನ ಹೇಳಿದೆ.

ಮರುದಿನ ಮಧ್ಯಾಹ್ನ ಇಬ್ಬರೂ ಇಳಿದೆವು. ಹೊರಮನೆಯ ಹೊಸ್ತಿಲ ಒದ್ದೆಯನ್ನು ದಾಟಿ ಒಳಗೆ ಹೋದೆವು. ಓಸ್ನೆ ತೊಟ್ಟಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅಷ್ಟು ಹೊತ್ತಿಗೆ ನೊರೆ ತೊಟ್ಟಿಯ ಅಂಚು ಮೀರಬೇಕಿತ್ತು. ಹಾಲ್ದೋರ ಮುಚ್ಚಳ ಸರಿಸಿ ಕಿವಿಯಿಟ್ಟ. ಒಂದು ಗುಳ್ಳೆಯ ಸದ್ದೂ ಇಲ್ಲ. ಹೆಪ್ಪಿನ ಸರ ರಸದಲ್ಲಿ ಸುಮ್ಮನೆ ತೇಲುತ್ತಿತ್ತು. ಮರದ ತುಂಡುಗಳನ್ನು ಕೋದು ಮಾಡಿದ ಸರ ಅದು. ಪ್ರತಿವರ್ಷ ಉಕ್ಕುವ ಬಿಯರಿನಲ್ಲಿ ಅದ್ದಿ, ಮೆತ್ತಿಕೊಂಡ ಹೆಪ್ಪನ್ನು ಹಾಗೇ ಒಣಗಿಸಿ ಮುಂದಿನ ವರ್ಷಕ್ಕೆ ಇಡುವುದು. ಹಿಂದಿನ ಕ್ರಿಸ್ಮಸ್ಸಿನಲ್ಲಿ ಅದನ್ನು ಅದ್ದಿ ತೂಗುಹಾಕಿದ್ದು ಟಾರ್ಯೆ. ಅವನಜ್ಜ, ಮುತ್ತಜ್ಜನಿಂದ ಬಂದದ್ದು. ಇದು ಸತ್ತರೆ ಆ ಮನೆಯ ಹೆಪ್ಪು ಅಲ್ಲಿಗೆ ಮುಗಿಯಿತು.

"ಕೂಗಿದ್ಯಾ?" ಎಂದ ಹಾಲ್ದೋರ.

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಯಾಕೆ ಕೂಗ್ಲಿಲ್ಲ? ಸಾವಿರ ಸಲ ಹೇಳಿದ್ನಲ್ಲ ತಾಯಿ!"

"ಕೂಗಿದ್ರೆ ಅವನೂ ಹೋಗ್ಬಿಡ್ತಾನಲ್ಲ ಅಣ್ಣ," ಎಂದಳು ಓಸ್ನೆ. "ಈಗ ಅವನೂ ಅವರ ಜೊತೆಗೇ ಇರೋನು. ಇಲ್ಲೇ ನಿಂತಿದ್ದ, ತೊಟ್ಟಿ ಹತ್ರ. ಸರ ಕೈಲಿ ಹಿಡ್ಕೊಂಡೆ. ಒಣಗಿದ ಹೆಪ್ಪಿನ ಮೇಲೆ ಅವನ ಹೆಬ್ಬೆಟ್ಟಿನ ಗುರುತು ಇತ್ತು. ಅದನ್ನ ನೋಡ್ತಾ ಎಷ್ಟು ಹೊತ್ತು ನಿಂತ್ನೋ ಗೊತ್ತಿಲ್ಲ. ಆಮೇಲೆ ಸದ್ದಿಲ್ದೆ ಬಿಟ್ಟೆ."

ನನಗೆ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ತಲೆಯಾಡಿಸುವುದರಲ್ಲಿ ಹೆಸರು ಮಾಡಿದ ನನ್ನ ಗಂಡ ಸೌದೆಯ ರಾಶಿಯ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಎದ್ದು, ತೊಟ್ಟಿಯೊಳಗೆ ಬೆರಳದ್ದಿ, ಒರೆಸಿಕೊಂಡ.

"ಇನ್ನೊಂದು ದಿನ ಹೀಗೇ ಬಿಟ್ರೆ ಹುಳಿಯಾಗುತ್ತೆ. ರಸವೂ ಹೋಯ್ತು, ಹೆಪ್ಪೂ ಹೋಯ್ತು. ಒಂದೇ ದಾರಿ ಇರೋದು. ಮತ್ತೆ ಕೊಪ್ಪರಿಗೆಗೆ ಸುರಿದು ಬಿಸಿ ಮಾಡೋಣ, ಸರ ಮತ್ತೆ ಹಾಕು. ಈ ಸಲ ಕೂಗು."

"ನೀವು ಕೂಗಿ."

"ನಾನು ಕೂಗಿದ್ರೆ ನಮ್ಮನೆ ಬಿಯರ್ ಆಗುತ್ತೆ. ನಿಮ್ಮ ಮನೇಲಿ ಈಗ ಇರೋದು ನೀನೊಬ್ಳೇ."

"ಒಬ್ಳೇ ಅಲ್ಲ."

"ಒಬ್ಳೇ," ಎಂದ ಹಾಲ್ದೋರ. ಅವನು ಯಾರ ಜೊತೆಗೂ ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅವಳ ಸಂಕಟ ನನಗೆ ಅರ್ಥವಾಗಿತ್ತು. ಕೂಗದಿದ್ದರೆ ಬಿಯರಿಲ್ಲ, ಬಿಯರಿಲ್ಲದ ಮನೆಗೆ ಅವನು ಬರುವುದಿಲ್ಲ. ಕೂಗಿದರೆ ಬಿಯರ್ ಉಂಟು, ಆದರೆ ಅವನನ್ನು ಅವಳೇ ಹೊಡೆದೋಡಿಸಿದ ಹಾಗೆ. ನಾವು ರಸವನ್ನು ಕೊಪ್ಪರಿಗೆಗೆ ಸುರಿದು ಬಿಸಿ ಮಾಡಿ ಮತ್ತೆ ತೊಟ್ಟಿಗೆ ತುಂಬಿದೆವು. ಹಾಲ್ದೋರ ಮೊಣಕೈ ಅದ್ದಿ ಬಿಸಿ ನೋಡಿದ. ಸರವನ್ನು ಅವಳ ಕೈಗೆ ಕೊಟ್ಟು, ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದ. ಅಂಗಳದಲ್ಲಿ ನಿಂತೆವು. ಅದು ಹಾಲು ಕರೆಯುವ ಹೊತ್ತು, ಎಲ್ಲ ಮನೆಗಳ ಕೊಟ್ಟಿಗೆಯಲ್ಲೂ ದೀಪ ಹತ್ತಿತ್ತು.

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಯಾರೋ ಗಂಟಲು ಹಿಸುಕುತ್ತಿರುವಂಥ ಒಂದು ಕ್ಷೀಣ ದನಿ ಬಂತು. ನಾನು ಓಡಿ ಹೋಗಲು ನೋಡಿದೆ, ಹಾಲ್ದೋರ ಬಿಡಲಿಲ್ಲ. ಆಮೇಲೆ ಅವಳು ಕೂಗಿದಳು.

"ಟಾರ್ಯೇ...!" ಎಂದು ಕೂಗಿದಳು. "ರಸ್ತೆ ಮೇಲೆ ಹೋಗು ಅಂದ್ರೆ ಕೇಳಿದ್ಯಾ? ಕೇಳಿದ್ಯಾ ನನ್ನ ಮಾತು? ನಕ್ಕೆ! ನಕ್ಕೊಂಡು ಹೋದೆ! ಹೋಗು! ಹೋಗು ಈಗ! ಹೋಗೋ!"

ಅದು ಅಷ್ಟು ಚಿಕ್ಕ ಮೈಯಿಂದ ಬರುವ ದನಿಯಾಗಿರಲಿಲ್ಲ. ಕೊಟ್ಟಿಗೆಗಳಲ್ಲಿ ಹಸುಗಳು ಬೆದರಿ ಸರಪಳಿ ಎಳೆದವು. ಆಚೆ ದಡದಲ್ಲಿ ಅವಳ ತಾಯಿ ಬಾಗಿಲು ತೆರೆದು ಹೊರಗೆ ಬಂದು ನಿಂತಳೆಂದು ಆಮೇಲೆ ತಿಳಿಯಿತು. ಕೂಗು ನಿಂತ ಮೇಲೆ ಹೊರಮನೆಯ ಬಾಗಿಲು ತಾನಾಗಿ ತೆರೆದು ಗೋಡೆಗೆ ಬಡಿಯಿತು. ಗಾಳಿಯಿರಲಿಲ್ಲ. ನಾನು ಹಾಲ್ದೋರನ ಹಿಂದೆ ಮುಖ ಮುಚ್ಚಿಕೊಂಡೆ. ಏನೋ ತಣ್ಣಗಿದ್ದದ್ದು ನಮ್ಮನ್ನು ಸವರಿಕೊಂಡು ಇಳಿಜಾರಿನಲ್ಲಿ ಸರೋವರದ ಕಡೆಗೆ ಹೋಯಿತು. ಭ್ರಮೆಯೆಂದರೆ ಅನ್ನಿ, ನನಗೆ ಬೇಜಾರಿಲ್ಲ. ಹಾಲ್ದೋರ ಮಾತ್ರ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ಬೆಳಗಾಗುವಷ್ಟರಲ್ಲಿ ನೊರೆ ಉಕ್ಕಿ ಮುಚ್ಚಳವನ್ನೇ ಎತ್ತಿತ್ತು.

ಕ್ರಿಸ್ಮಸ್ ದಿನ ಬೆಳಕು ಹರಿದ ಮೇಲೆ ಉಪ್ಪು ಹಚ್ಚಿ ಒಣಗಿಸಿದ ಕುರಿಯ ಪಕ್ಕೆಲುಬಿನ ಮಾಂಸ ಬೇಯಿಸಿ ತೆಗೆದುಕೊಂಡು ಕೆಳಗಿಳಿದೆವು. ಓಸ್ನೆ ಹುಲ್ಲಿನ ಮೇಲೆ ಕೂತಿದ್ದಳು, ಕೂದಲಲ್ಲೆಲ್ಲ ಹುಲ್ಲುಕಡ್ಡಿ. ಹಾಸಿಗೆಗೆ ಒಗೆದ ಹೊದಿಕೆ ಹಾಸಿದ್ದಳು, ಅದರ ಮೇಲೊಂದು ಸುಕ್ಕಿರಲಿಲ್ಲ. ಮೇಜಿನ ಮೇಲಿನ ಬಟ್ಟಲು ಅಂಚಿನವರೆಗೂ ತುಂಬಿತ್ತು.

"ಬರ್ಲಿಲ್ಲ," ಎಂದಳು. ಆಮೇಲೆ ನನ್ನನ್ನು ಬಿಟ್ಟು ಹಾಲ್ದೋರನನ್ನೇ ನೋಡುತ್ತಾ, "ನಾನು ಕೂಗಿದ್ದಕ್ಕೇ ಅಲ್ವಾ?" ಎಂದು ಕೇಳಿದಳು.

ಇಲ್ಲ ಎನ್ನು, ಇಲ್ಲ ಎನ್ನು ಎಂದು ನಾನು ಅವನ ಬೆನ್ನಿಗೆ ತಿವಿದೆ.

"ಹೌದು," ಎಂದ ಹಾಲ್ದೋರ. "ನೀನೇ ಕಳಿಸಿದ್ದು. ಇನ್ನು ಅವನು ಬರಲ್ಲ."

ಅವಳು ಎದ್ದು ಬಂದು ಅವನ ಕೆನ್ನೆಗೆ ಹೊಡೆದಳು. ಮತ್ತೆ ಹೊಡೆದಳು. ಇಬ್ಬರನ್ನೂ ಆಚೆಗೆ ದಬ್ಬಿ ಬಾಗಿಲು ಹಾಕಿಕೊಂಡಳು. ನಾವು ದಾರಿ ಹತ್ತುವಷ್ಟೂ ಹೊತ್ತು ಅವಳ ಅಳು ಕೇಳಿಸುತ್ತಿತ್ತು, ಟಾರ್ಯೆ ಹೋದ ಮೇಲೆ ಮೊದಲ ಸಲ. ಮನೆ ಮುಟ್ಟುವವರೆಗೂ ನಾನು ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ಕಲ್ಲೆದೆಯವನು ಎಂದೆ, ಕಟುಕ ಎಂದೆ.

"ಅವತ್ತು ರಸ ತಣ್ಣಗಾಗಿತ್ತು ಕಣೇ," ಎಂದ ಅವನು, ಕೆನ್ನೆ ನೀವಿಕೊಳ್ಳುತ್ತಾ. "ಸರ ಹಿಡ್ಕೊಂಡು ನಿಂತೇ ಇದ್ಲಲ್ಲ, ಆರಿಹೋಗಿತ್ತು. ಬೆರಳಿಟ್ಟ ತಕ್ಷಣ ಗೊತ್ತಾಯ್ತು. ಬಿಸಿ ಮಾಡಿದ್ರೆ ಸಾಕಿತ್ತು. ಕೂಗೋದೇ ಬೇಕಿರ್ಲಿಲ್ಲ."

"ಮತ್ಯಾಕೆ ಕೂಗಿಸ್ದೆ?"

"ಆ ಮನೆಯಿಂದ ಇಬ್ಬರಲ್ಲಿ ಒಬ್ರು ಹೋಗ್ಲೇಬೇಕಿತ್ತು. ಅವನು ಹೋಗ್ದಿದ್ರೆ ಅವಳು ಹೋಗ್ತಿದ್ಲು."

ನಾನು ಅವನ ಕೆನ್ನೆಗೆ ಬೆಣ್ಣೆ ಹಚ್ಚಿದೆ.

ಓಸ್ನೆ ಹೋಗಲಿಲ್ಲ. ಬೆಂಚು ಒಣಗಿತು, ಹೊಸ್ತಿಲೂ ಒಣಗಿತು. ವಸಂತ ಬರುವವರೆಗೆ ಹಾಲ್ದೋರನ ಜೊತೆ ಮಾತು ಬಿಟ್ಟಿದ್ದಳು. ಆಮೇಲೆ ಒಂದು ದಿನ ಬಂದು, ಬಾಗಿಲಲ್ಲಿ ಕಾಯದೆ ಒಳಗೇ ನುಗ್ಗಿ, "ಮುಂದಿನ ವರ್ಷಕ್ಕೆ ಹೊಸ ತೊಟ್ಟಿ ಬೇಕು, ಮರ ಕಡಿದು ಮಾಡಿಕೊಡಿ" ಎಂದಳು. ಅಲ್ಲಿಂದ ಇಲ್ಲಿಯವರೆಗೆ ಅವಳು ಒಂದು ವರ್ಷವೂ ಬಿಯರ್ ಮಾಡದೇ ಬಿಟ್ಟಿಲ್ಲ. ಗಂಡಸರು ಮೊದಲು ಕುಹಕವಾಡಿದರು, ಆಮೇಲೆ ತಮ್ಮ ತಮ್ಮ ಹೆಪ್ಪು ಕೆಟ್ಟಾಗ ಟೋಪಿ ಕೈಯಲ್ಲಿ ಹಿಡಿದು ಅವಳ ಬಾಗಿಲಲ್ಲಿ ಸಾಲು ನಿಂತರು. ಅವಳು ಕೊಟ್ಟಳು, ಕೊಡುವಾಗ ಚೆನ್ನಾಗಿ ಉಗಿದೂ ಕೊಟ್ಟಳು. "ತೊಟ್ಟಿ ಸರಿಯಾಗಿ ತೊಳ್ಯೋಕೆ ಬರಲ್ಲ, ಮೀಸೆ ಬೇರೆ." ಇಬ್ಬರು ಮೂವರು ವಿಧುರರು ಮದುವೆಯ ಮಾತೆತ್ತಿದ್ದೂ ಉಂಟು. ಅವರಿಗೆ ಒಂದೊಂದು ಬಟ್ಟಲು ಕುಡಿಸಿ, ದಾರಿ ತೋರಿಸಿ ಕಳಿಸಿದಳು.

ಹೋದ ಚಳಿಗಾಲದ ಹೊಸ್ತಿಲಲ್ಲಿ ಹಾಲ್ದೋರ ಹೋದ. ಸೌದೆ ಒಡೆಯುತ್ತಿದ್ದವನು ಕೊಡಲಿಯನ್ನು ನೆಟ್ಟಗೆ ಒರಗಿಸಿಟ್ಟು, ಪಕ್ಕದಲ್ಲೇ ಕೂತು ಹೋಗಿಬಿಟ್ಟ. ಸಾವಿನ ಊಟಕ್ಕೆ ಬಿಯರ್ ಮಾಡುವವರು ನಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಓಸ್ನೆ ಹೇಳದೇ ಕೇಳದೇ ಬಂದಳು, ನಮ್ಮದೇ ಕೊಪ್ಪರಿಗೆಗೆ ಬೆಂಕಿ ಹಾಕಿದಳು, ನಮ್ಮದೇ ಸರವನ್ನು ಅಟ್ಟದಿಂದ ಇಳಿಸಿದಳು. ಅವಳ ಕೂದಲೂ ಈಗ ಪೂರ್ತಿ ಬೆಳ್ಳಗಾಗಿದೆ. ಹೆಪ್ಪು ಹಾಕುವ ಹೊತ್ತಿಗೆ ನಾನು ಎದ್ದು ಹೊರಡಲು ನೋಡಿದೆ. ಕೂಗನ್ನು ಕೇಳುವ ಶಕ್ತಿ ನನಗಿರಲಿಲ್ಲ. ಹಿಂದಿನ ದಿನವಷ್ಟೇ ಕೊಪ್ಪರಿಗೆಯ ಮುಂದಿನ ಅವನ ಕುರ್ಚಿಯ ಹತ್ತಿರ ಪೈಪಿನ ಹೊಗೆಯ ವಾಸನೆ ಬಂದಿತ್ತು. ಮನೆಯಲ್ಲಿ ತಂಬಾಕು ಮುಗಿದು ಎಷ್ಟೋ ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ.

"ಕೂತ್ಕೋ," ಎಂದಳು ಓಸ್ನೆ. ಮೊಣಕೈ ಅದ್ದಿ ಬಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಸರವನ್ನು ಮೆಲ್ಲಗೆ, ನೀರು ಕೂಡ ಚಿಮ್ಮದ ಹಾಗೆ, ತೊಟ್ಟಿಯೊಳಕ್ಕೆ ಬಿಟ್ಟಳು. ನಾನು ಕಿವಿ ಮುಚ್ಚಿಕೊಂಡಿದ್ದೆ. ಅವಳು ಬಂದು ನನ್ನ ಕೈಗಳನ್ನು ಕಿವಿಯಿಂದ ಬಿಡಿಸಿದಳು.

"ಬಿಯರಿಗೆ ಬಿಸಿ ಸಾಕು ಅಕ್ಕಾ. ಎರಡನೇ ವರ್ಷವೇ ಗೊತ್ತಾಯ್ತು ನಂಗೆ."

"ಗೊತ್ತಿತ್ತಾ? ಮತ್ತೆ ಹಾಲ್ದೋರನನ್ನ ಯಾಕೆ ಒಂದು ಮಾತೂ ಕೇಳ್ಲಿಲ್ಲ?"

"ಕೇಳಿ ಏನ್ಮಾಡ್ಲಿ? ಅವರು ಹೇಳಿದ ಸುಳ್ಳಿನ ಮೇಲೇ ಇಷ್ಟು ವರ್ಷ ನಿದ್ದೆ ಮಾಡಿದೀನಿ." ತೊಟ್ಟಿಯ ಮುಚ್ಚಳ ಎಳೆದು, ಕೈ ಒರೆಸಿಕೊಂಡು, ನನ್ನ ಹೆಗಲಿನಾಚೆ ಕುರ್ಚಿಯ ಕಡೆ ನೋಡಿದಳು. "ಇರ್ಲಿ ಬಿಡು. ನಿಂಗೆ ಬೇಕಾದಷ್ಟು ದಿನ ಇರ್ಲಿ. ಸಾಕು ಅನ್ಸಿದಾಗ ಹೇಳು, ಬಂದು ಕೂಗ್ತೀನಿ."

ನಾನಿನ್ನೂ ಹೇಳಿಲ್ಲ.